ಉಳಿದ ಅರ್ಧ ಪ್ರಸಂಗ

(ಮಡಿಕೇರಿಯಲ್ಲಿ ಬೇರೆ ಬೇರೆ ಧರ್ಮದ ಗೆಳೆಯರು ಸೇರಿದ್ದ ಒಂದು ಕೂಟದಲ್ಲಿ ಚರ್ಚಿನ ಸಭಾಪಾಲಕರೊಬ್ಬರು (ಪಾದ್ರಿ) ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ನನ್ನನ್ನು ಕರೆದವರು ಕೊಟ್ಟ ವಿಷಯ ‘ಕೃತಜ್ಞತೆ’. ಫೋನಿನಲ್ಲಿ ಹೂಂ ಅಂದುಬಿಟ್ಟೆ. ಆಮೇಲೆ ಕೂತು ಯೋಚಿಸಿದರೆ ಗಾಬರಿಯಾಯಿತು. ಇಷ್ಟು ದೊಡ್ಡ ವಿಷಯಕ್ಕೆ ನನ್ನ ಹತ್ತಿರ ಏನಿದೆ? ಹುಡುಕಿದಾಗ ಸಿಕ್ಕಿದ್ದು ಒಂದು ಭಾನುವಾರ, ಮತ್ತೆ ಒಂದು ಅರ್ಧ ಪ್ರಸಂಗ. ಪ್ರಸಂಗ ಅಂದರೆ ಆರಾಧನೆಯ ನಡುವೆ ನಮ್ಮಂಥವರು ಮಾಡುವ ಬೋಧನೆ. ಆ ಭಾನುವಾರ ಅದು ನಡುವೆಯೇ ನಿಂತುಹೋಯಿತು. ಉಳಿದ ಅರ್ಧ ಇನ್ನೂ ನನ್ನ ಬೈಬಲಿನೊಳಗೆ ಮಡಚಿದ ಹಾಳೆಯಲ್ಲಿದೆ. ಇವತ್ತು ಅದನ್ನು ನಿಮ್ಮ ತಲೆಗೆ ಕಟ್ಟುತ್ತೇನೆ. ಸಹಿಸಿಕೊಳ್ಳಿ.

ನಮ್ಮದು ಅಮ್ಮತ್ತಿ, ಸಿದ್ದಾಪುರದ ಕಡೆಯ ತೋಟಗಳ ನಡುವಿನ ಸಣ್ಣ ಸಭೆ. ಸಭೆ ಅಂದರೆ ಮೀಟಿಂಗ್ ಅಲ್ಲ. ಒಂದು ಚರ್ಚಿಗೆ ಸೇರಿದ ಮನೆಗಳನ್ನೆಲ್ಲ ಒಟ್ಟಾಗಿ ನಾವು ಹಾಗೆ ಕರೆಯುತ್ತೇವೆ. ನಾಲ್ಕೈದು ಎಕರೆಯ ಸಣ್ಣ ಬೆಳೆಗಾರರಿದ್ದಾರೆ. ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವ ಎಸ್ಟೇಟ್ ರೈಟರ್‌ಗಳು, ಟೀಚರ್‌ಗಳು, ಡ್ರೈವರ್‌ಗಳಿದ್ದಾರೆ. ಎಸ್ಟೇಟಿನವರು ಸಾಲಾಗಿ ಕಟ್ಟಿಸಿದ ಲೈನ್ ಮನೆಗಳಿಂದ ಬರುವ ತೋಟದ ಕೆಲಸದವರಿದ್ದಾರೆ. ಮನೆಯಲ್ಲಿ ಒಬ್ಬರದು ತುಳು, ಇನ್ನೊಬ್ಬರದು ಮಲಯಾಳ, ಮತ್ತೊಬ್ಬರದು ತಮಿಳು. ಚರ್ಚಿನೊಳಗೆ ಎಲ್ಲರದೂ ಕನ್ನಡ. ಜಗಳ ಬಂದರೆ ಮಾತ್ರ ಅವರವರ ಭಾಷೆ ಹೊರಗೆ ಬರುತ್ತದೆ.

ನಮ್ಮ ಮನೆ ಹತ್ತಿರದ ಬೆಳೆಗಾರರೊಬ್ಬರು ನನ್ನನ್ನು ನೋಡಿದಾಗಲೆಲ್ಲ ಒಂದು ಮಾತು ಹೇಳುತ್ತಾರೆ. ‘ಅಯ್ಯನವರೇ, ನಿಮ್ಮದೇ ಒಳ್ಳೆ ಕೆಲಸ. ವಾರಕ್ಕೆ ಒಂದು ದಿನ ಡ್ಯೂಟಿ.’ ನಾನೂ ನಗುತ್ತೇನೆ. ಆ ಒಂದು ದಿನದ ಕತೆಯನ್ನೇ ಈಗ ಹೇಳುತ್ತಿದ್ದೇನೆ.

ಅವತ್ತು ನಮ್ಮ ಬೆಳೆಹಬ್ಬ. ಸಭೆಯವರು ತಾವು ಬೆಳೆದದ್ದರಲ್ಲಿ ಒಂದು ಪಾಲು ತಂದು ದೇವರ ಮುಂದೆ ಇಡುವ ಹಬ್ಬ. ಆಮೇಲೆ ಅದನ್ನೆಲ್ಲ ಏಲ ಹಾಕುತ್ತೇವೆ. ಬಂದ ಹಣ ಚರ್ಚಿನ ಕೆಲಸಕ್ಕೆ. ಬೇರೆ ಕಡೆ ಇದು ಭತ್ತದ ಸುಗ್ಗಿಯ ಸುಮಾರಿಗೆ ನಡೆಯುತ್ತದೆ. ನಮ್ಮಲ್ಲಿ ಕಾಫಿ ಕೊಯ್ಲು ಮುಗಿಯದೆ ಯಾರ ಕೈಯಲ್ಲೂ ಕಾಸಿರುವುದಿಲ್ಲ. ಹಾಗಾಗಿ ಫೆಬ್ರವರಿ ಕೊನೆಗೆ ಇಟ್ಟುಕೊಳ್ಳುತ್ತೇವೆ. ನಿಮ್ಮಲ್ಲಿ ಹಲವರು ಕೊಡಗಿನ ಸುಗ್ಗಿ ಹಬ್ಬ ಪುತ್ತರಿಯ ರಾತ್ರಿ ಗದ್ದೆಗಿಳಿದು ‘ಪೊಲಿ ಪೊಲಿ ದೇವಾ’ ಎಂದು ಕೂಗಿ ಕದಿರು ಕೊಯ್ದು ತರುವವರು. ಹೆಚ್ಚಲಿ, ತುಂಬಲಿ ದೇವರೇ ಎನ್ನುವ ಕೂಗು ಅದು. ಆದ್ದರಿಂದ ಈ ಕೂಟದಲ್ಲಿ ಬೆಳೆಹಬ್ಬವನ್ನು ಜಾಸ್ತಿ ವಿವರಿಸಬೇಕಾಗಿಲ್ಲ.

ಬೆಳಿಗ್ಗೆ ಐದೂ ಹತ್ತಕ್ಕೆ ಫೋನ್ ಬಂತು. ನಮ್ಮ ಕಡೆ ಆ ಹೊತ್ತಿಗೆ ಫೋನ್ ಬರುವುದು ಎರಡೇ ಕಾರಣಕ್ಕೆ. ಯಾರೋ ತೀರಿಕೊಂಡಿರಬೇಕು, ಇಲ್ಲ ಆನೆ ಬಂದಿರಬೇಕು. ಒಂದು ಎಸ್ಟೇಟಿನ ರೈಟರ್ ಮಾತಾಡಿದರು. ‘ಅಯ್ಯನವರೇ, ಏಳಿವೆ. ಕೆರೆ ತಿರುವಿನಲ್ಲೇ ನಿಂತಿವೆ. ಮರಿಯೂ ಇದೆ. ಜೀಪ್ ತೆಗೆಯುವುದಕ್ಕಾಗಲ್ಲ.’ ಅವರ ಜೀಪಿನಲ್ಲೇ ಲೈನಿನ ಹದಿನಾಲ್ಕು ಜನ ಚರ್ಚಿಗೆ ಬರುವುದು. ಹದಿನಾಲ್ಕು ಅಂತ ಹೇಳುತ್ತಿರುವುದು ಈ ಸಭಾಂಗಣದಲ್ಲಿ ಆರ್‌ಟಿಓ ಕಡೆಯವರು ಯಾರೂ ಇಲ್ಲ ಎನ್ನುವ ನಂಬಿಕೆಯಿಂದ.

ಆರಾಧನೆಯನ್ನು ಅರ್ಧ ಗಂಟೆ ಮುಂದಕ್ಕೆ ಹಾಕಿದೆವು. ಅರಣ್ಯ ಇಲಾಖೆಯ ಹುಡುಗರು ಬಂದು ಪಟಾಕಿ ಹೊಡೆದು, ಕೂಗಿ, ಏಳೂವರೆ ಹೊತ್ತಿಗೆ ಆನೆಗಳನ್ನು ಪಕ್ಕದ ತೋಟಕ್ಕೆ ದಾಟಿಸಿದರು. ಪಕ್ಕದ ತೋಟದವರು ಅದಕ್ಕೆ ಏನಂದರು ಅಂತ ನಾನು ಕೇಳಲಿಲ್ಲ. ಆ ಹುಡುಗರು ರಾತ್ರಿಯಿಡೀ ನಿದ್ದೆ ಮಾಡಿರಲಿಲ್ಲ. ಕಾಫಿ ಕುಡಿದು ಹೋಗಿ ಅಂದರೆ, ಇನ್ನೊಂದು ಕಡೆಯಿಂದ ಕರೆ ಬಂದಿದೆ ಎಂದು ಹಾಗೇ ಹೊರಟರು. ಅವರ ಹೆಸರು ಕೇಳಬೇಕು ಅಂತ ನನಗೆ ಹೊಳೆಯಲೇ ಇಲ್ಲ. ಇದನ್ನು ನೆನಪಿಟ್ಟುಕೊಳ್ಳಿ. ನನ್ನ ಇವತ್ತಿನ ಮಾತೆಲ್ಲ ಈ ಮರೆವಿನ ಸುತ್ತಲೇ ಇದೆ.

ಚರ್ಚಿಗೆ ಹೋದರೆ ಬಾಗಿಲು ತೆರೆದಿತ್ತು. ಯಾವಾಗಲೂ ತೆರೆದೇ ಇರುತ್ತದೆ. ಅದನ್ನು ತೆರೆಯುವ ಅಜ್ಜ ಒಬ್ಬರಿದ್ದಾರೆ. ವಯಸ್ಸು ಎಪ್ಪತ್ತಾರು. ಘಂಟೆ ಹೊಡೆಯುವುದು, ಗುಡಿಸುವುದು, ಬೆಂಚು ಒರೆಸುವುದು, ಕೀಲಿ ಇಟ್ಟುಕೊಳ್ಳುವುದು, ಬಾವಲಿ ಓಡಿಸುವುದು ಎಲ್ಲ ಅವರದೇ. ಮಂಡಿ ನೋವು. ಆದರೂ ಘಂಟೆಯ ಹಗ್ಗವನ್ನು ಬೇರೆಯವರ ಕೈಗೆ ಕೊಡುವುದಿಲ್ಲ. ಒಮ್ಮೆ ನಮ್ಮ ಯುವಕರು ಮೊಬೈಲಿನಿಂದ ಘಂಟೆಯ ಸದ್ದನ್ನು ಸ್ಪೀಕರಿಗೆ ಹಾಕೋಣ ಅಂದರು. ಅಜ್ಜ ಏನೂ ಹೇಳಲಿಲ್ಲ. ಮಾರನೇ ಭಾನುವಾರ ಕಾಲು ಗಂಟೆ ಬಿಡದೆ ಘಂಟೆ ಬಾರಿಸಿದರು. ಆ ಮಾತು ಅಲ್ಲಿಗೆ ನಿಂತಿತು.

ಒಂಬತ್ತರಿಂದ ಜನ ಬರತೊಡಗಿದರು. ಬೆಳೆಹಬ್ಬದ ದಿನ ಚರ್ಚಿನ ವಾಸನೆಯೇ ಬೇರೆ. ಪಾರ್ಚ್‌ಮೆಂಟ್ ಕಾಫಿಯ ಚೀಲ, ಕಾಳುಮೆಣಸು, ಏಲಕ್ಕಿ, ನೇಂದ್ರ ಗೊನೆ, ಪುಟ್ಟಬಾಳೆ, ಸಿಹಿಗುಂಬಳ, ಜೇನು, ಅಡುಗೆಗೆ ಹಾಕುವ ಹುಳಿ ಕಾಚಂಪುಳಿಯ ಬಾಟಲಿ. ಒಬ್ಬರು ಕೊಡಗಿನ ಕಿತ್ತಳೆ ತಂದಿದ್ದರು. ಹದಿನೈದೇ ಹಣ್ಣು. ಒಂದು ಕಾಲದಲ್ಲಿ ಗಾಡಿಗಟ್ಟಲೆ ಹೋಗುತ್ತಿದ್ದ ಹಣ್ಣು ಈಗ ತಟ್ಟೆಯಲ್ಲಿ ಬರುತ್ತದೆ. ಇನ್ನೊಬ್ಬರು ನಾಟಿ ಕೋಳಿ ತಂದರು. ಕಾಲು ಕಟ್ಟಿದ್ದು ಸಡಿಲವಾಗಿತ್ತು. ಮೊದಲ ಕೀರ್ತನೆಯ ಎರಡನೇ ಚರಣಕ್ಕೆ ಅದು ಬಿಡಿಸಿಕೊಂಡು ಗಾಯಕರ ಬೆಂಚಿನ ಕೆಳಗೆ ನುಗ್ಗಿತು. ಅಲ್ಲಿಂದ ಎಲ್ಲಿಗೆ ಹೋಯಿತೋ ಯಾರಿಗೂ ಕಾಣಲಿಲ್ಲ. ಸಂಡೇಸ್ಕೂಲಿನ ಮಕ್ಕಳಿಗೆ ಅವತ್ತು ಬೇರೆ ಯಾವ ಪಾಠವೂ ತಲೆಗೆ ಹೋಗಲಿಲ್ಲ.

ಲೈನ್ ಮನೆಯ ಒಬ್ಬ ಅಕ್ಕ ಒಂದು ಸೇರಿನಷ್ಟು ಕಾಳುಮೆಣಸು ತಂದಿದ್ದರು. ಹಳೆ ಸೀರೆಯ ತುಂಡಿನಲ್ಲಿ ಕಟ್ಟಿದ್ದು. ಅವರಿಗೆ ತೋಟವಿಲ್ಲ. ‘ಎಲ್ಲಿಯದಕ್ಕಾ?’ ಅಂದೆ. ಕೊಯ್ಲು ಮುಗಿದ ಮೇಲೆ ಬಳ್ಳಿಯ ಬುಡದಲ್ಲಿ ಉದುರಿದ್ದನ್ನು ಆರಿಸಿಕೊಳ್ಳಲು ತೋಟದ ಯಜಮಾನರು ಬಿಟ್ಟಿದ್ದಾರೆ, ಅದರಲ್ಲಿ ಅರ್ಧ ಇದು ಅಂದರು. ನಮ್ಮ ಧರ್ಮಶಾಸ್ತ್ರದಲ್ಲಿ ಒಂದು ಹಳೆಯ ಕಟ್ಟಳೆ ಇದೆ. ಹೊಲದ ಮೂಲೆಮೂಲೆಯನ್ನೂ ಕೊಯ್ಯಬೇಡ, ಉದುರಿದ ತೆನೆಯನ್ನು ಆಯಬೇಡ, ಅದು ಬಡವರಿಗೂ ಪರದೇಶದಿಂದ ಬಂದವರಿಗೂ ಇರಲಿ ಅಂತ. ರೂತಳು ಎಂಬ ವಿಧವೆ ಹಾಗೆ ಆಯ್ದ ಜವೆಗೋಧಿಯಿಂದಲೇ ಅತ್ತೆಯನ್ನು ಸಾಕಿದಳು. ಈ ಕತೆಯನ್ನು ನಾನು ಎಷ್ಟೋ ಸಲ ಬೋಧಿಸಿದ್ದೇನೆ. ಆಯ್ದದ್ದರಲ್ಲೇ ಅರ್ಧ ತಂದು ಕೊಡುವವರನ್ನು ಅವತ್ತೇ ನೋಡಿದ್ದು. ಗಂಟನ್ನು ಇಸಿದುಕೊಂಡು ಮೇಜಿನ ಮೇಲೆ ಕಾಫಿ ಚೀಲದ ಪಕ್ಕ ಇಟ್ಟೆ. ಏನಾದರೂ ಹೇಳಬೇಕು ಅನಿಸಿತು. ಹೇಳಲಿಲ್ಲ.

ಒಂದು ಮಗುವಿನ ದೀಕ್ಷಾಸ್ನಾನವೂ, ಅಂದರೆ ನೀರು ಹಾಕಿ ಸಭೆಗೆ ಸೇರಿಸಿಕೊಳ್ಳುವ ಸಂಸ್ಕಾರವೂ ಇತ್ತು. ಮಗು ನಿದ್ದೆಯಲ್ಲಿ ಬಂತು, ನೀರು ಬಿದ್ದಾಗ ಎದ್ದು ನನ್ನ ಕನ್ನಡಕ ಕಿತ್ತುಕೊಂಡಿತು. ತಾತನಿಗೆ ಖುಷಿಯೋ ಖುಷಿ.

ಇನ್ನು ಪ್ರಸಂಗ. ನಾನು ಆರಿಸಿಕೊಂಡಿದ್ದು ಯೇಸುವಿನ ಸುದ್ದಿಯನ್ನು ಊರೂರಿಗೆ ಸಾರಿದ ಪೌಲನು ರೋಮಾಪುರದ ಕ್ರೈಸ್ತರಿಗೆ ಬರೆದ, ಬೈಬಲಿನಲ್ಲಿರುವ ಪತ್ರದ ಕೊನೆಯ ಅಧ್ಯಾಯ, ಹದಿನಾರನೆಯದು. ಅದನ್ನು ಬೋಧಿಸುವವರು ಕಡಿಮೆ. ಯಾಕೆಂದರೆ ಅದರಲ್ಲಿ ಸಿದ್ಧಾಂತ ಅಷ್ಟಿಲ್ಲ, ಬರೀ ಹೆಸರುಗಳು. ಮೊದಲ ಹನ್ನೊಂದು ಅಧ್ಯಾಯ ಎಂಥ ಭಾರದ ಮಾತು! ಪಾಪ, ನಂಬಿಕೆ, ಕೃಪೆ. ಪಂಡಿತರು ಎರಡು ಸಾವಿರ ವರ್ಷದಿಂದ ಅದರ ಮೇಲೆ ಜಗಳ ಆಡುತ್ತಿದ್ದಾರೆ. ಕೊನೆಗೆ ಬಂದರೆ ಇದ್ದಕ್ಕಿದ್ದಂತೆ ಮದುವೆ ಮನೆಯ ಬಾಗಿಲಲ್ಲಿ ನಿಂತ ಹಾಗೆ. ಇವರಿಗೆ ವಂದನೆ ಹೇಳಿ, ಅವರಿಗೆ ವಂದನೆ ಹೇಳಿ, ಆ ಮನೆಯವರನ್ನು ಕೇಳಿದೆ ಅಂತ ಹೇಳಿ. ಇಪ್ಪತ್ತಕ್ಕಿಂತ ಜಾಸ್ತಿ ಹೆಸರು. ತಮಾಷೆ ಅಂದರೆ, ಇದನ್ನು ಬರೆಯುವಾಗ ಪೌಲ ಇನ್ನೂ ರೋಮಿನ ಮುಖವನ್ನೇ ನೋಡಿರಲಿಲ್ಲ. ನೋಡದ ಊರಿನಲ್ಲಿ ಇಷ್ಟು ಜನರ ಹೆಸರು ಅವನ ನಾಲಿಗೆ ತುದಿಯಲ್ಲಿತ್ತು.

ಸುಮ್ನೆ ಹೆಸರಲ್ಲ, ಒಬ್ಬೊಬ್ಬರ ಜೊತೆಗೂ ಒಂದೊಂದು ಸಣ್ಣ ಮಾತು. ಪ್ರಿಸ್ಕ, ಅಕ್ವಿಲ ಎಂಬ ಗಂಡ ಹೆಂಡತಿ ನನ್ನ ಜೀವಕ್ಕಾಗಿ ತಮ್ಮ ಕುತ್ತಿಗೆಯನ್ನೇ ಒಡ್ಡಿದರು ಅನ್ನುತ್ತಾನೆ. ಮರಿಯ ಎಂಬವಳು ನಿಮಗೋಸ್ಕರ ಬಹಳ ದುಡಿದಳು ಅನ್ನುತ್ತಾನೆ. ರೂಫನಿಗೂ ಅವನ ತಾಯಿಗೂ ವಂದನೆ, ಆಕೆ ನನಗೂ ತಾಯಿಯೇ ಅನ್ನುತ್ತಾನೆ. ನನಗೆ ಈ ಮಾತು ಬಹಳ ಇಷ್ಟ. ಆ ತಾಯಿಯ ಹೆಸರು ಅಲ್ಲಿಲ್ಲ, ನೋಡಿ. ನಮ್ಮೂರಿನಲ್ಲೂ ಹಾಗೇ ಅಲ್ವಾ? ಎಷ್ಟೋ ಹೆಂಗಸರು ಕೊನೆವರೆಗೂ ಯಾರದೋ ಅಮ್ಮ.

ಇಲ್ಲಿಯವರೆಗೆ ಹೇಳಿದ್ದೆ. ಹನ್ನೊಂದು ಗಂಟೆ ಇರಬಹುದು. ಒಳಗೆ ಕತ್ತಲಾಯಿತು. ಗಾಳಿಗೆ ಒಂದು ಕಿಟಕಿ ಪಟಾರ್ ಅಂತ ಬಡಿಯಿತು. ಬಾಗಿಲ ಮುಂದಿನ ಶೀಟಿನ ಮೇಲೆ ಟಪ್ ಅಂತ ಒಂದು ಹನಿ. ಆಮೇಲೆ ಇನ್ನೊಂದು.

ಕೊಡಗಿನವರಿಗೆ ಇದನ್ನು ವಿವರಿಸುವುದು ತಪ್ಪಾದೀತು. ಬೇರೆ ಕಡೆಯಿಂದ ಬಂದವರೂ ಇದ್ದೀರಿ, ಅದಕ್ಕೆ ಹೇಳುತ್ತೇನೆ. ಆ ಹೊತ್ತಿನ ಮಳೆಗೆ ನಾವು ಹೂಮಳೆ ಅನ್ನುತ್ತೇವೆ. ರೋಬಸ್ಟಾ ಗಿಡದಲ್ಲಿ ಮೊಗ್ಗು ಕಾಯುತ್ತಾ ಕೂತಿರುತ್ತದೆ. ಒಂದಿಂಚು ಮಳೆ ಚೆನ್ನಾಗಿ ಬಿದ್ದರೆ ಎಂಟೊಂಬತ್ತು ದಿನದಲ್ಲಿ ತೋಟವೆಲ್ಲ ಬೆಳ್ಳಗಾಗುತ್ತದೆ, ಗಾಳಿಯಲ್ಲಿ ಮಲ್ಲಿಗೆಯಂಥ ಪರಿಮಳ. ಮುಂದಿನ ವರ್ಷದ ಬೆಳೆ ಆ ಒಂದು ಮಳೆಯಲ್ಲಿದೆ. ಬಾರದಿದ್ದರೆ ಕೆರೆಗೆ ಪಂಪು ಇಟ್ಟು, ಡೀಸೆಲ್ ಸುಟ್ಟು, ಸ್ಪ್ರಿಂಕ್ಲರ್ ಹಾಕಬೇಕು. ಕೆರೆ ಇಲ್ಲದವನು ಆಕಾಶ ನೋಡಬೇಕು. ಹಾಗಾಗಿ ಆ ಸದ್ದು ಕೇಳಿದ ಕೂಡಲೇ ಮುಂದಿನ ಬೆಂಚಿನ ಬೆಳೆಗಾರರ ಮುಖ ಹೇಗೆ ಅರಳಿತು ಅಂದರೆ, ನನ್ನ ಯಾವ ಪ್ರಸಂಗಕ್ಕೂ ಹಾಗೆ ಅರಳಿಲ್ಲ.

ಆದರೆ ಹಿಂದಿನ ಬೆಂಚುಗಳಲ್ಲಿ ಐದಾರು ಮುಖ ಬಿಳಿಚಿಕೊಂಡವು. ಅವರದು ತಡವಾಗಿ ಮುಗಿದ ಕೊಯ್ಲು. ಕೆಲಸಕ್ಕೆ ಜನ ಸಿಗದೆ ತಡವಾದದ್ದು. ಅವರ ಹಣ್ಣು ಇನ್ನೂ ಕಣದಲ್ಲಿ ಒಣಗುತ್ತಾ ಹರಡಿಕೊಂಡಿತ್ತು. ನೆನೆದರೆ ಬೂಷ್ಟು ಹಿಡಿಯುತ್ತದೆ, ಬಣ್ಣ ಕೆಡುತ್ತದೆ, ವ್ಯಾಪಾರಿ ಬೆಲೆ ಇಳಿಸುತ್ತಾನೆ. ಒಂದು ವರ್ಷದ ದುಡಿಮೆ ಅಂಗಳದಲ್ಲಿ ನೆನೆಯುತ್ತಿರುವಾಗ ಪೌಲನ ಗೆಳೆಯರ ಹೆಸರು ಯಾರಿಗೆ ಬೇಕು?

ಇಲ್ಲಿ ನನ್ನ ಹಳೆಯ ತಪ್ಪೊಂದನ್ನು ಹೇಳಬೇಕು. ಈ ಸಭೆಗೆ ಬಂದ ಮೊದಲ ವರ್ಷ ಹೀಗೇ ಹೂಮಳೆ ಬಂದಿತ್ತು. ನಾನು ಉತ್ಸಾಹದಲ್ಲಿ ಕೈಯೆತ್ತಿ, ಮಳೆಗಾಗಿ ದೇವರಿಗೆ ಸ್ತೋತ್ರ ಹೇಳಿ ದೊಡ್ಡದಾಗಿ ಪ್ರಾರ್ಥನೆ ಮಾಡಿಬಿಟ್ಟೆ. ಆರಾಧನೆ ಮುಗಿದ ಮೇಲೆ ಒಬ್ಬರು ಬಂದು ಕೈ ಕುಲುಕಿದರು. ಮೆಲ್ಲಗೆ ಹೇಳಿದರು: ‘ಅಯ್ಯನವರೇ, ಆಮೆನ್ ಅನ್ನುವುದಕ್ಕೆ ಆಗಲಿಲ್ಲ. ನನ್ನ ಹದಿನೈದು ಮೂಟೆ ಕಣದಲ್ಲಿದೆ.’ ಸಿಟ್ಟಿನಿಂದ ಹೇಳಿದ್ದಲ್ಲ. ಅದಕ್ಕೇ ಇವತ್ತಿಗೂ ಚುಚ್ಚುತ್ತದೆ.

ಈ ಸಲ ಪ್ರಸಂಗ ನಿಲ್ಲಿಸಿದೆ. ‘ಕಣದಲ್ಲಿ ಕಾಫಿ ಇರುವವರು ಹೋಗಿ, ಟಾರ್ಪಾಲ್ ಹಾಕಿ ಬನ್ನಿ. ದೇವರು ಕಾಯುತ್ತಾರೆ’ ಅಂದೆ. ಬಾಯಿ ಮುಚ್ಚುವುದರೊಳಗೆ ಬೈಕುಗಳ ಸದ್ದು. ನಮ್ಮ ಯುವಕರು, ಅದೇ ಸ್ಪೀಕರಿನಲ್ಲಿ ಘಂಟೆ ಹಾಕೋಣ ಅಂದವರು, ಯಾರೂ ಹೇಳದೆ ಒಬ್ಬ ವಿಧವೆಯ ಮನೆ ಕಡೆಗೆ ಮೊದಲು ಹೋದರು. ಆಕೆಯ ಮಗ ಬೆಂಗಳೂರಿನಲ್ಲಿ. ಉಳಿದವರು ಒಳಗೆ ಹಾಡುತ್ತಾ ಕೂತೆವು. ಶೀಟಿನ ಸದ್ದಿಗೆ ನಮ್ಮ ಹಾಡು ನಮಗೇ ಕೇಳಿಸಲಿಲ್ಲ. ಮುಕ್ಕಾಲು ಗಂಟೆಗೆ ಒಬ್ಬೊಬ್ಬರಾಗಿ ತೊಯ್ದು ತೊಪ್ಪೆಯಾಗಿ ಬಂದರು. ಮೂರು ಕಣ ಉಳಿದಿತ್ತು. ಎರಡು ನೆನೆದಿತ್ತು.

ಆಮೇಲೆ ಕರ್ತನ ಭೋಜನ. ರೊಟ್ಟಿ ಮತ್ತು ದ್ರಾಕ್ಷಾರಸದ ಸಂಸ್ಕಾರ. ಇದಕ್ಕೆ ಹಳೆಯ ಗ್ರೀಕ್ ಹೆಸರು ಯೂಖರಿಸ್ತಿಯ. ಅದರ ಅರ್ಥವೇ ಕೃತಜ್ಞತೆ. ಯೇಸು ರೊಟ್ಟಿ ತೆಗೆದುಕೊಂಡು ಸ್ತೋತ್ರ ಮಾಡಿ ಮುರಿದನು ಅಂತ ಓದುತ್ತೇವೆ. ಯಾವಾಗ? ಹಿಡಿದುಕೊಡಲ್ಪಟ್ಟ ರಾತ್ರಿ. ಹಿಡಿದುಕೊಡುವವನು ಅದೇ ಪಂಕ್ತಿಯಲ್ಲಿ ಊಟಕ್ಕೆ ಕೂತಿದ್ದಾಗ. ಎಲ್ಲ ಒಳ್ಳೆಯದಾದ ಮೇಲೆ ಹೇಳಿದ ಥ್ಯಾಂಕ್ಸ್ ಅಲ್ಲ ಅದು. ವರ್ಷಗಟ್ಟಲೆ ಈ ಮಾತನ್ನು ಬಾಯಿಪಾಠದಂತೆ ಓದಿದ್ದೇನೆ. ಅವತ್ತು ಒದ್ದೆ ಅಂಗಿಯಲ್ಲಿ ನಡುಗುತ್ತಾ ಮಂಡಿಯೂರಿದ್ದ ಆ ಎರಡು ಮನೆಯವರ ಕೈಗೆ ರೊಟ್ಟಿ ಇಡುವಾಗ ಗಂಟಲು ಕಟ್ಟಿತು. ಪ್ರಾರ್ಥನೆಯಲ್ಲಿ ಹೂವಿಗೂ ಸ್ತೋತ್ರ ಹೇಳಿದೆ, ನೆನೆದ ಕಾಫಿಯ ಮನೆಗಳನ್ನೂ ಹೆಸರು ಹಿಡಿದು ಹೇಳಿದೆ. ಎರಡೂ ಹೇಗೆ ಹೊಂದುತ್ತವೆ ಅಂತ ಕೇಳಬೇಡಿ. ನನ್ನ ಹತ್ತಿರ ಉತ್ತರವಿಲ್ಲ. ಈ ಸಲ ಆಮೆನ್ ಮಾತ್ರ ಎಲ್ಲ ಬೆಂಚಿನಿಂದಲೂ ಬಂತು.

ಹೊರಗೆ ಬಂದ ಮೇಲೆ ಕೊಡಗಿನ ಮಾಮೂಲಿ ಮಾತು. ‘ನಿಮಗೆ ಎಷ್ಟು ಸೆಂಟ್ ಬಿತ್ತು?’ ಬೇರೆ ಕಡೆ ಜನ ಆರೋಗ್ಯ ವಿಚಾರಿಸುತ್ತಾರೆ, ನಾವು ಮಳೆಯ ಇಂಚು ಸೆಂಟ್ ವಿಚಾರಿಸುತ್ತೇವೆ. ನೂರು ಸೆಂಟ್ ಸೇರಿದರೆ ಒಂದಿಂಚು.

ಏಲಕ್ಕೆ ನಿಂತವರು ರಿಟೈರ್ಡ್ ಪಿ.ಟಿ. ಮೇಷ್ಟ್ರು. ಅವರಿಗೆ ಮೈಕ್ ಬೇಡ. ಒಂದೇ ಸಿಹಿಗುಂಬಳ ಮೂರು ಸಲ ಮಾರಾಟವಾಯಿತು, ಕೊಂಡವರೆಲ್ಲ ತಿರುಗಿ ಚರ್ಚಿಗೇ ಕೊಟ್ಟರು. ಕಾಚಂಪುಳಿ ಬಾಟಲಿಗೆ ಇಬ್ಬರು ಅಣ್ಣತಮ್ಮಂದಿರು ಪಟ್ಟು ಹಿಡಿದರು. ಬೇಲಿ ವಿಷಯಕ್ಕೆ ಎರಡು ವರ್ಷದಿಂದ ಮಾತಿಲ್ಲದವರು. ಒಬ್ಬರ ಮೇಲೊಬ್ಬರು ಏರಿಸಿ ಏರಿಸಿ ಅಂಗಡಿಯಲ್ಲಿ ಹತ್ತು ಬಾಟಲಿ ಸಿಗುವಷ್ಟು ಹಣಕ್ಕೆ ತಮ್ಮ ಗೆದ್ದರು. ಅವರ ಜಗಳದಿಂದ ಚರ್ಚಿಗೆ ಲಾಭವಾಯಿತು. ಇದಕ್ಕೂ ದೇವರಿಗೆ ಸ್ತೋತ್ರ ಹೇಳಬೇಕಾ ಅಂತ ನಾನಿನ್ನೂ ತೀರ್ಮಾನಿಸಿಲ್ಲ.

ಊಟಕ್ಕೆ ಅಕ್ಕಿ ರೊಟ್ಟಿ, ಅನ್ನ, ಕೋಳಿ ಸಾರು, ಹಂದಿ ಕರಿ. ಪಾತ್ರೆಗಳು ಶಾಮಿಯಾನ ಅಂಗಡಿಯ ಮುಸ್ಲಿಂ ಕಾಕಾ ಅವರದು. ಪ್ರತಿ ವರ್ಷವೂ ಬಾಡಿಗೆ ತೆಗೆದುಕೊಳ್ಳದೆ ಕೊಡುತ್ತಾರೆ. ನಮ್ಮ ಸ್ತ್ರೀ ಸಂಘದವರು ಹಂದಿ ಕರಿಗೆ ಆ ಪಾತ್ರೆಗಳನ್ನು ಮುಟ್ಟುವುದೂ ಇಲ್ಲ. ಅದಕ್ಕೆ ಚರ್ಚಿನದೇ ಹಳೆಯ ದಬರಿ, ಬೇರೆ ಸೌಟು, ಬೇರೆ ಒಲೆ, ತೊಳೆಯುವ ಜಾಗವೂ ಬೇರೆ. ಈ ನಿಯಮವನ್ನು ಯಾರೂ ಬರೆದಿಟ್ಟಿಲ್ಲ. ಯಾವ ಸಮಿತಿಯಲ್ಲೂ ಠರಾವು ಆಗಿಲ್ಲ. ಕಾಕಾ ಕೇಳಿದವರೂ ಅಲ್ಲ. ಸರ್ವಧರ್ಮದ ಬಗ್ಗೆ ನಾವು ವೇದಿಕೆಯಲ್ಲಿ ಕೂತು ಮಾತಾಡುತ್ತೇವೆ. ನಮ್ಮ ಅಡುಗೆಮನೆಯ ಹೆಂಗಸರು ಆ ಕೆಲಸವನ್ನು ಪಾತ್ರೆ ತೊಳೆಯುವಾಗಲೇ ಮುಗಿಸಿರುತ್ತಾರೆ.

ಊಟಕ್ಕೆ ಅಕ್ಕಪಕ್ಕದ ಕೊಡವ ಮನೆಗಳವರೂ ಬಂದಿದ್ದರು. ಅವರ ಮನೆಯ ಮದುವೆಗೆ ಮೊದಲ ಸಲ ಹೋದಾಗ ನಾನು ಪುರೋಹಿತರು ಎಲ್ಲಿ ಅಂತ ಹುಡುಕಿದ್ದೆ. ಪಕ್ಕದಲ್ಲಿದ್ದ ಹಿರಿಯರು ನಕ್ಕು, ‘ನಮಗೆ ನಿಮ್ಮಂಥವರು ಬೇಡ ಅಯ್ಯನವರೇ’ ಅಂದಿದ್ದರು. ಮೊದಲು ತಾಯಿ, ಆಮೇಲೆ ಹಿರಿಯರು, ನೆಂಟರು, ಒಬ್ಬೊಬ್ಬರೇ ಬಂದು ಅಕ್ಕಿ ಹಾಕಿ, ಕಿಂಡಿ ಎಂಬ ಮೂತಿಯ ಪಾತ್ರೆಯಿಂದ ಹಾಲು ಕುಡಿಸಿ, ನಾಣ್ಯ ಕೊಟ್ಟು ಹರಸುತ್ತಾರೆ. ಗಂಟೆಗಟ್ಟಲೆ ನಡೆಯುತ್ತದೆ. ಆಶೀರ್ವಾದ ಅನ್ನುವುದು ನನ್ನ ಕೈಯಿಂದ ಹೊರಡುವ ವಸ್ತು ಅಂತ ಅಲ್ಲಿಯವರೆಗೆ ನನಗೊಂದು ಭ್ರಮೆ ಇತ್ತು. ಅಲ್ಲಿ ಅದು ಸಾಲಿನಲ್ಲಿ ನಿಂತು ಬರುತ್ತಿತ್ತು. ನಾನೂ ಸಾಲಿನಲ್ಲಿ ನಿಂತೆ.

ಊಟದ ಮುಂಚೆ ವಂದನಾರ್ಪಣೆ ನನ್ನದೇ. ಚೀಟಿ ಮಾಡಿಕೊಂಡಿದ್ದೆ. ಹಣ ಕೊಟ್ಟವರು, ಸಮಿತಿಯವರು, ಗಾಯಕರು, ಏಲದ ಮೇಷ್ಟ್ರು, ಪಾತ್ರೆ ಕೊಟ್ಟ ಕಾಕಾ, ಎಲ್ಲರನ್ನೂ ನೆನೆದೆ. ಚಪ್ಪಾಳೆಯೂ ಆಯಿತು. ಅಜ್ಜನ ಹೆಸರು ಮಾತ್ರ ಹೇಳಲಿಲ್ಲ. ಮರೆತದ್ದು ಅಂದರೂ ಸುಳ್ಳು. ಚೀಟಿಯಲ್ಲೇ ಇರಲಿಲ್ಲ. ಬೆಳಿಗ್ಗೆಯಷ್ಟೇ ಪೌಲನ ಹೆಸರಿನ ಪಟ್ಟಿಯನ್ನು ಹೊಗಳಿದ ಬಾಯಿ ಇದು!

ಅದು ಗೊತ್ತಾದದ್ದು ಮಧ್ಯಾಹ್ನ ಮೂರೂವರೆಗೆ. ಹಾಸಿಗೆ ಹಿಡಿದ ಒಬ್ಬ ಅಜ್ಜಿಗೆ ಸಂಸ್ಕಾರ ಕೊಡಲು ಲೈನಿಗೆ ಹೋಗಿದ್ದೆ. ಒಂದು ಕಾಲದಲ್ಲಿ ಬೆಳೆಹಬ್ಬದ ಅಡುಗೆಯೆಲ್ಲ ಅವರ ಉಸ್ತುವಾರಿ. ರೊಟ್ಟಿ ತೆಗೆದುಕೊಂಡರು, ಪ್ರಾರ್ಥನೆ ಆಯಿತು. ಕಣ್ಣು ಬಿಟ್ಟು ಕೇಳಿದರು. ‘ಕರಿಗೆ ಉಪ್ಪು ಸರಿಯಾಗಿತ್ತಾ?’ ಸರಿಯಾಗಿತ್ತು ಅಜ್ಜಿ ಅಂದೆ. ‘ಎಲ್ಲರಿಗೂ ಸಾಕಾಯಿತಾ?’ ಉಳಿಯಿತು ಅಂದೆ. ಹೇಳಿದ ಮೇಲೆ ನಾಚಿಕೆಯಾಯಿತು. ಉಳಿದ ಊಟದಲ್ಲಿ ಒಂದು ತುತ್ತು ಅವರಿಗೆ ತರಬೇಕು ಅಂತ ನನಗೆ ತೋಚಿರಲಿಲ್ಲ. ಅವರಿಗೆ ಅದು ಅರ್ಥವಾಯಿತು ಅಂತ ಕಾಣುತ್ತದೆ. ಸೊಸೆಗೆ ಹೇಳಿ ನನಗೆ ಬೆಲ್ಲದ ಕಾಫಿ ಮಾಡಿಸಿದರು. ಕುಡಿಯುತ್ತಾ ಇರುವಾಗ, ‘ಘಂಟೆ ಅಣ್ಣ ಊಟ ಮಾಡಿದನಾ? ಅವನು ಕೊನೆಗೆ ಕೂರುವವನು, ಯಾರೂ ನೋಡಲ್ಲ’ ಅಂದರು. ಲೋಟ ಕೈಯಲ್ಲೇ ಉಳಿಯಿತು.

ಇವತ್ತು ಇಲ್ಲಿಗೆ ಬರುವ ಮುಂಚೆ ಕೋಟೆಯೊಳಗೆ ಒಂದು ಸುತ್ತು ಹೋಗಿದ್ದೆ. ಅಲ್ಲಿಯ ಸೇಂಟ್ ಮಾರ್ಕ್ಸ್ ಚರ್ಚ್ ಈಗ ವಸ್ತುಸಂಗ್ರಹಾಲಯ. ಬ್ರಿಟಿಷರು ಕಟ್ಟಿಕೊಂಡಿದ್ದು. ಅವರು ಹೋದರು, ಗೋಡೆ ಉಳಿಯಿತು, ಒಳಗೆ ಈಗ ಹಳೆಯ ವಿಗ್ರಹಗಳು, ಶಿಲ್ಪಗಳು. ಅದೇ ವಿರಾಜಪೇಟೆಯ ಸಂತ ಅನ್ನಮ್ಮನವರ ಚರ್ಚ್ ನೋಡಿ. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ಕೊಡಗಿನ ಅರಸ ದೊಡ್ಡವೀರರಾಜೇಂದ್ರ ಜಾಗ ಕೊಟ್ಟು ನಿಲ್ಲಿಸಿದ್ದು, 1792ರ ಮಾತು. ಅಲ್ಲಿ ಇವತ್ತಿಗೂ ಭಾನುವಾರ ಬೆಳಿಗ್ಗೆ ನಿಲ್ಲಲು ಜಾಗ ಸಾಲದು.

ನಮ್ಮ ಕಡೆಗೆ ಬಂದವರು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರು. ಹೆರ್ಮನ್ ಮೊಗ್ಲಿಂಗ್ ಹೆಸರು ನಿಮಗೆಲ್ಲ ಗೊತ್ತು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ ತಂದವರು. 1853ರಲ್ಲಿ ಕೊಡಗಿಗೆ ಬಂದರು. ನಮ್ಮ ಕಡೆಯ ಆನಂದಪುರ ಅವರು ಕಟ್ಟಿದ ಊರು. ಅವರಿಗೆ ನಾವು ಋಣಿಗಳು, ಸಂಶಯವಿಲ್ಲ. ಆದರೆ ಆನಂದಪುರದಲ್ಲಿ ಮೊದಲು ಬಂದು ನೆಲೆ ನಿಂತವರು ಹೆಚ್ಚಾಗಿ ಜಮೀನಿನ ಒಡೆಯರ ಗದ್ದೆಗಳಲ್ಲಿ ಜೀತಕ್ಕಿದ್ದ ಜನ. ಕಾಡು ಕಡಿದು, ನೆಲ ಹದ ಮಾಡಿ, ಕಾಫಿ ನೆಟ್ಟ ಕೈ ಅವರದು. ಉತ್ಸವದ ಭಾಷಣಗಳಲ್ಲಿ ನಾವು ಮೊಗ್ಲಿಂಗ್ ಅವರಿಂದ ಶುರುಮಾಡಿ ಬಿಷಪ್ಪರಲ್ಲಿ ಮುಗಿಸುತ್ತೇವೆ. ನನ್ನ ವಂದನಾರ್ಪಣೆಯ ಚೀಟಿಯೂ ಅದೇ ದಾರಿ ಹಿಡಿದಿತ್ತು.

ಈಗ ಆ ಮಡಚಿದ ಹಾಳೆ. ಮಳೆ ಬಂದು ನಿಂತ ಪ್ರಸಂಗದಲ್ಲಿ ನಾನು ಹೇಳಬೇಕೆಂದಿದ್ದು ಒಬ್ಬನ ಹೆಸರು. ತೆರ್ತ್ಯ. ಅಧ್ಯಾಯದ ಇಪ್ಪತ್ತೆರಡನೇ ವಚನದಲ್ಲಿ ಇದ್ದಕ್ಕಿದ್ದಂತೆ ಇವನು ಬಾಯಿ ತೆರೆಯುತ್ತಾನೆ. ಈ ಪತ್ರವನ್ನು ಬರೆದ ತೆರ್ತ್ಯನೆಂಬ ನಾನು ನಿಮಗೆ ವಂದನೆ ಹೇಳುತ್ತೇನೆ ಅಂತ. ಪೌಲ ಹೇಳುತ್ತಾ ಹೋದ, ಇವನು ಬರೆದುಕೊಳ್ಳುತ್ತಾ ಹೋದ. ಹದಿನಾರು ಅಧ್ಯಾಯ ಬೆನ್ನು ಬಗ್ಗಿಸಿ ಬರೆದು, ಕೊನೆಗೆ ಒಂದೇ ಒಂದು ಸಾಲು ತನ್ನದು ಅಂತ ಸೇರಿಸಿದ. ಪೌಲನು ಅದನ್ನು ಹೊಡೆದುಹಾಕಲಿಲ್ಲ. ಸಾಲು ಉಳಿಯಿತು. ಇಷ್ಟನ್ನು ಹೇಳಿ, ಆಮೇಲೆ ನಮ್ಮ ಸಭೆಯ ತೆರ್ತ್ಯ ಯಾರು ಅಂತ ಕೇಳಿ, ಎರಡು ನಿಮಿಷ ಸುಮ್ಮನಿರಬೇಕು ಅಂತ ಹಾಳೆಯಲ್ಲಿ ಗುರುತು ಹಾಕಿಕೊಂಡಿದ್ದೆ. ಉತ್ತರವನ್ನು ನಾನೇ ಬರೆದುಕೊಂಡಿರಲಿಲ್ಲ.

ಸಂಜೆ ಆರೂವರೆಗೆ ಲೆಕ್ಕ ಮುಗಿಸಿ ಚರ್ಚಿಗೆ ಹೋದೆ. ಅಜ್ಜ ಒಬ್ಬರೇ ಬಾಳೆಲೆ ಚೂರು ಗುಡಿಸುತ್ತಿದ್ದರು. ಅಜ್ಜಿ ಕೇಳಿದ್ದನ್ನೇ ಕೇಳಿದೆ, ಊಟ ಆಯಿತಾ ಅಂತ. ಆಯಿತು, ಹೆಂಗಸರು ಎತ್ತಿಟ್ಟಿದ್ದರು ಅಂದರು. ‘ಮಧ್ಯಾಹ್ನ ನಿಮ್ಮ ಹೆಸರು ಹೇಳುವುದು ಬಿಟ್ಟುಹೋಯಿತು ಅಜ್ಜಾ’ ಅಂದೆ. ಅವರಿಗೆ ಅದು ಯಾವ ವಿಷಯ ಅಂತಲೇ ಹೊಳೆಯಲಿಲ್ಲ. ‘ಎಲ್ಲಿ ಹೇಳುವುದು?’ ಅಂದರು. ಆಮೇಲೆ, ‘ಎಷ್ಟು ಬಿತ್ತು ಅಂತ ಕೇಳಲೇ ಇಲ್ಲ ನೀವು’ ಅಂದರು.

ಚರ್ಚಿನ ಹಿಂದೆ ಒಂದು ಮಳೆ ಅಳೆಯುವ ಡಬ್ಬಿ ಇದೆ ಅಂತ ನನಗೆ ಗೊತ್ತಿತ್ತು. ಅಜ್ಜ ಅದನ್ನು ದಿನಾ ಬರೆದಿಡುತ್ತಾರೆ ಅಂತ ಗೊತ್ತಿರಲಿಲ್ಲ. ಘಂಟೆಯ ಹಗ್ಗದ ಪಕ್ಕದ ಗೂಡಿನಿಂದ ಒಂದು ನೋಟ್‌ಬುಕ್ ತೆಗೆದರು. ಹಿಂದಿನವು ಮನೆಯಲ್ಲಿವೆಯಂತೆ, ಒಂದು ಟ್ರಂಕು. ಆದರೆ ಕೆಲವು ಹಳೆಯ ಹಾಳೆಗಳನ್ನು ಇದರೊಳಗೇ ಸಿಕ್ಕಿಸಿಟ್ಟಿದ್ದರು. ತೋರಿಸಿದರು. 2018ರ ಆಗಸ್ಟ್, ಮಡಿಕೇರಿ ಕಡೆ ಗುಡ್ಡಗಳು ಕುಸಿದ ವಾರ. ಅಂಕಿಗಳು ಏರುತ್ತಾ ಹೋಗಿವೆ. ಮರುವರ್ಷದ ಆಗಸ್ಟ್, ಕಾವೇರಿ ಉಕ್ಕಿ ನೆಲ್ಲಿಹುದಿಕೇರಿ, ಕರಡಿಗೋಡು ಕಡೆ ಮನೆಗಳು ಹೋದ ದಿನಗಳು. ಅಲ್ಲಿ ನಾಲ್ಕು ದಿನ ಅಂಕಿಯೇ ಇಲ್ಲ. ‘ನೀರು’ ಅಂತ ಒಂದೇ ಮಾತು. ಆ ನಾಲ್ಕು ದಿನ ಅವರು ಹೊಳೆ ಬದಿಯವರ ಸಾಮಾನು ಹೊರುತ್ತಿದ್ದರಂತೆ. ಡಬ್ಬಿ ನೋಡಲು ಪುರುಸೊತ್ತು ಇರಲಿಲ್ಲ ಅಂದರು, ತಪ್ಪು ಮಾಡಿದವರ ಹಾಗೆ.

ಜೇಬಿನಿಂದ ಪೆನ್ನು ತೆಗೆದು, ಕನ್ನಡಕ ಏರಿಸಿ, ಅವತ್ತಿನ ಸಾಲನ್ನು ನನ್ನ ಮುಂದೆಯೇ ಬರೆದರು. ನಾನು ಓದಲಿ ಅಂತ ಪುಸ್ತಕವನ್ನು ನನ್ನ ಕಡೆ ತಿರುಗಿಸಿದರು.

‘ಭಾನುವಾರ. ಒಂದು ಇಂಚು ಹನ್ನೆರಡು ಸೆಂಟ್. ಬೆಳೆಹಬ್ಬ. ಎರಡು ಮನೆಯ ಕಾಫಿ ನೆನೆಯಿತು. ಕೋಳಿ ಸಿಕ್ಕಿತು.’